ಇದ್ದಿಲು ಗಂಧಕವನ್ನು ನುಂಗಿತೇ? ಒಂದು ಸವನ್ನಾ ಹೊಲದ ಲೆಕ್ಕ

ಪ್ರಶ್ನೆ: ನಮ್ಮದು ಗದಗ ಜಿಲ್ಲೆ. ನಾಲ್ಕು ವರ್ಷದಿಂದ ಉತ್ತರ ಘಾನಾದ ತಮಾಲೆ ಹತ್ತಿರ, ಸವನ್ನಾ ಎಂಬ ವಿರಳ ಮರಗಳ ಹುಲ್ಲುಸೀಮೆಯಲ್ಲಿ, ಒಂದು ದೊಡ್ಡ ಹೊಲದ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಗೋವಿನಜೋಳ, ಶೇಂಗಾ ಸರದಿ ಬೆಳೆ. ಹೋದ ವರ್ಷ ಗುಂಡಿಯಲ್ಲಿ ಗೋವಿನಜೋಳದ ದಂಟು, ಸ್ವಲ್ಪ ಭತ್ತದ ಹೊಟ್ಟು ಸುಟ್ಟು ಬಯೋಚಾರ್ (ಮಣ್ಣಿಗೆ ಹಾಕುವ ಇದ್ದಿಲು) ಮಾಡಿ ಹೆಕ್ಟೇರಿಗೆ 5 ಟನ್ನಿನಂತೆ ಹಾಕಿದೆವು. ಆ ವರ್ಷ ಪೈರು ಕಪ್ಪು ಹಸಿರಾಗಿ ತೂಗಿತು. ಈ ವರ್ಷ ನಾಲ್ಕು ವಾರದ ಗೋವಿನಜೋಳದಲ್ಲಿ ಮೇಲಿನ ಎಳೆ ಎಲೆಗಳೇ ಹಳದಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 5.3ರಿಂದ 6.1ಕ್ಕೆ ಏರಿದೆ, ಗಂಧಕ ಮಾತ್ರ 6 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿಗೆ 6 ಪಾಲು) ಬಂದಿದೆ. ಗೊಬ್ಬರ 15-15-15 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಸಂಯುಕ್ತ ಗೊಬ್ಬರ) ಮತ್ತು ಯೂರಿಯಾ. ಇದ್ದಿಲು ಗಂಧಕವನ್ನು ಹೀರಿಕೊಂಡು ಕೂತಿದೆಯೇ? ಹಾಕುವುದನ್ನು ನಿಲ್ಲಿಸಲೇ?

ಉತ್ತರ:

ನಿಲ್ಲಿಸಬೇಡಿ. ಇದ್ದಿಲು ನಿಮ್ಮ ಗಂಧಕವನ್ನು ಹೀರಿಕೊಂಡಿಲ್ಲ. ನೀವು ಬರೆದಿದ್ದನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ದಂಟಿನಲ್ಲಿದ್ದ ಗಂಧಕದ ದೊಡ್ಡ ಪಾಲು ಗುಂಡಿಯ ಹೊಗೆಯಲ್ಲೇ ಹೋಯಿತು. ಉಳಿದದ್ದರಲ್ಲಿ ಕರಗುವ ಪಾಲು ಮೊದಲ ವರ್ಷದ ಬೆಳೆಗೆ ಸಿಕ್ಕಿ ಖರ್ಚಾಯಿತು. ಪಿಎಚ್ ಏರಿದ್ದರಿಂದ ಮಣ್ಣು ಹಿಡಿದಿಟ್ಟುಕೊಂಡಿದ್ದ ಸಲ್ಫೇಟ್, ಅಂದರೆ ಬೇರು ಕುಡಿಯಬಲ್ಲ ರೂಪದ ಗಂಧಕ, ಕೈಬಿಟ್ಟು ಮಳೆಯ ಜೊತೆ ಕೆಳಗಿಳಿಯಿತು. ಮೇಲಿಂದ ನೀವು ಕೊಟ್ಟ ಗೊಬ್ಬರದಲ್ಲಿ ಗಂಧಕವೇ ಇಲ್ಲ. ಈ ನಾಲ್ಕೂ ಸೇರಿ ಎಲೆ ಹಳದಿಯಾಗಿದೆ. ಇದ್ದಿಲು ಮಣ್ಣಿಗೆ ಮಾಡಿದ ಉಪಕಾರ ಸುಳ್ಳಲ್ಲ, ಅದನ್ನು ಗಂಧಕದ ಗೊಬ್ಬರ ಎಂದು ಎಣಿಸಿದ್ದು ಮಾತ್ರ ತಪ್ಪು.

ಮೊದಲು ಹಳದಿಯ ವಿಷಯ ಖಾತ್ರಿ ಮಾಡಿಕೊಳ್ಳಿ. ಸಾರಜನಕ ಕಡಿಮೆಯಾದರೆ ಗಿಡ ಕೆಳಗಿನ ಹಳೆಯ ಎಲೆಯಿಂದ ಕಿತ್ತು ಸುಳಿಗೆ ಕಳಿಸುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಗಂಧಕವನ್ನು ಹಾಗೆ ಸಲೀಸಾಗಿ ಸಾಗಿಸಲು ಗಿಡಕ್ಕೆ ಬರುವುದಿಲ್ಲ, ಆದ್ದರಿಂದ ಸುಳಿಯೇ ಮೊದಲು ಬಿಳಚಿಕೊಳ್ಳುತ್ತದೆ. ನಿಮ್ಮ ಹೊಲದಲ್ಲಿ ಆಗಿರುವುದು ಅದೇ. ಆದರೆ ಇದ್ದಿಲು ಹಾಕಿದ ಹೊಲದಲ್ಲಿ ಇನ್ನೊಂದು ಅನುಮಾನವೂ ಇರಬೇಕು, ಸತು. ಪಿಎಚ್ ಏರಿದಷ್ಟೂ ಸತು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಸತುವಿನ ಕೊರತೆಯಾದರೆ ಎಳೆ ಎಲೆಯ ಬುಡದ ಅರ್ಧದಲ್ಲಿ, ನಡುನರದ ಎರಡೂ ಬದಿಗೆ ಅಗಲವಾದ ಬಿಳಿ ಪಟ್ಟೆ ಕಾಣುತ್ತದೆ. ಗಂಧಕದ್ದಾದರೆ ಇಡೀ ಎಲೆ ತೆಳು ಹಳದಿ, ನರಗಳ ನಡುವೆ ಸಣ್ಣ ಗೆರೆಗಳು. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ. ಅನುಕೂಲವಿದ್ದರೆ ಎಲೆಯನ್ನೇ ಪರೀಕ್ಷೆಗೆ ಕಳಿಸಿ. ಎಲೆಯಲ್ಲಿ ಒಂದು ಪಾಲು ಗಂಧಕಕ್ಕೆ ಸುಮಾರು 15 ಪಾಲು ಸಾರಜನಕ ಇರುವುದು ವಾಡಿಕೆ. ಆ ಅನುಪಾತ 20ರ ಹತ್ತಿರ ಹೋಗಿದ್ದರೆ ಮತ್ತೆ ಯೋಚಿಸುವುದೇ ಬೇಡ.

ನೀವಿರುವ ಸೀಮೆಗೆ ಗಂಧಕದ ಬಡತನ ಹೊಸದಲ್ಲ. ಉತ್ತರ ನೈಜೀರಿಯಾದ ಶೇಂಗಾ ಹೊಲಗಳಲ್ಲಿ 1950ರ ದಶಕದಲ್ಲೇ ಇದು ಗೊತ್ತಾಗಿತ್ತು. ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿದಾಗ ಹೆಚ್ಚಿದ ಇಳುವರಿಯೆಲ್ಲ ರಂಜಕದ್ದೇ ಎಂದು ಎಲ್ಲರೂ ನಂಬಿದ್ದರು. ಬಿಡಿಸಿ ನೋಡಿದಾಗ ಅದರಲ್ಲಿ ಒಂದು ಪಾಲು ಅದೇ ಚೀಲದೊಳಗಿದ್ದ ಗಂಧಕದ್ದಾಗಿತ್ತು. ಆ ಗೊಬ್ಬರದಲ್ಲಿ ನೂರಕ್ಕೆ 11-12ರಷ್ಟು ಗಂಧಕ ಇರುತ್ತದೆ. ಆಮೇಲೆ ಸಾಗಣೆ ಖರ್ಚು ಉಳಿಸಲು ಟ್ರಿಪಲ್ ಸೂಪರ್ ಫಾಸ್ಫೇಟ್, ಯೂರಿಯಾ, ಸಂಯುಕ್ತ ಗೊಬ್ಬರಗಳು ಬಂದವು. ಚೀಲದಲ್ಲಿ ಪೋಷಕಾಂಶ ದಟ್ಟವಾಯಿತು, ಗಂಧಕ ಸದ್ದಿಲ್ಲದೆ ಹೊರಗೆ ಬಿತ್ತು. ನಿಮ್ಮ 15-15-15 ಚೀಲದ ಮೇಲೆ ಎಸ್ ಎಂಬ ಅಕ್ಷರದ ಮುಂದೆ ಅಂಕಿ ಇದೆಯೇ ನೋಡಿ. ಇಲ್ಲದಿದ್ದರೆ ಅದರಲ್ಲಿ ಗಂಧಕ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದೇ ತಿಳಿಯಿರಿ.

ಯುರೋಪಿನ ಹೊಲಗಳಿಗೆ ಕಾರ್ಖಾನೆಗಳ ಹೊಗೆಯಿಂದ ದಶಕಗಳ ಕಾಲ ಪುಕ್ಕಟೆ ಗಂಧಕ ಮಳೆಯಲ್ಲಿ ಬಿದ್ದಿತು. ಸವನ್ನಾಕ್ಕೆ ಆ ಭಾಗ್ಯವೂ ಇಲ್ಲ. ಜಾರಿಯಾ ಪಕ್ಕದ ಸಮಾರು ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಬ್ರಾಮ್‌ಫೀಲ್ಡ್ ಅವರು 1970ರ ದಶಕದಲ್ಲಿ ಉತ್ತರ ನೈಜೀರಿಯಾದ ಮಳೆನೀರನ್ನು ಹಿಡಿದು ಅಳೆದರು. ವರ್ಷಕ್ಕೆ ಹೆಕ್ಟೇರಿಗೆ ಬಿದ್ದದ್ದು ಒಂದು ಕಿಲೊ ಚಿಲ್ಲರೆ. ಹೆಕ್ಟೇರಿಗೆ 4 ಟನ್ ಬರುವ ಗೋವಿನಜೋಳ ಕಾಳಿನಲ್ಲೇ ಸುಮಾರು 4 ಕಿಲೊ ಗಂಧಕ ಒಯ್ಯುತ್ತದೆ, ದಂಟಿನಲ್ಲಿ ಇನ್ನೊಂದು 3 ಕಿಲೊ. ಶೇಂಗಾ ಬೀಜ ಟನ್ನಿನ ಲೆಕ್ಕದಲ್ಲಿ ಗೋವಿನಜೋಳದ ಇಮ್ಮಡಿ ಗಂಧಕ ಕೇಳುತ್ತದೆ, ಅದರ ಪ್ರೋಟೀನು ಅಷ್ಟು. ಮೇಲಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುವ ತಿಂಗಳುಗಳಲ್ಲಿ ನೀವು ನೋಡುವ ಹುಲ್ಲಿನ ಬೆಂಕಿ. ಆ ಬೆಂಕಿಯಲ್ಲಿ ಪೊಟ್ಯಾಷ್, ಸುಣ್ಣ, ರಂಜಕ ಬೂದಿಯಾಗಿ ನೆಲದಲ್ಲಿ ಉಳಿಯುತ್ತವೆ. ಸಾರಜನಕ ಮತ್ತು ಗಂಧಕ ಅನಿಲವಾಗಿ ಹಾರಿಹೋಗುತ್ತವೆ. ವರ್ಷವರ್ಷವೂ ಸುಟ್ಟ ನೆಲದಲ್ಲಿ ಈ ಎರಡೇ ಮೊದಲು ಬರಿದಾಗುತ್ತವೆ.

ಹಾಗಾದರೆ ಇಷ್ಟು ಕಾಲ ಬೆಳೆ ಬಂದದ್ದು ಹೇಗೆ? ಮಣ್ಣಿನ ಸಾವಯವ ಅಂಶದಿಂದ. ಮೇಲ್ಮಣ್ಣಿನ ಗಂಧಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸಾವಯವ ರೂಪದಲ್ಲೇ ಇರುತ್ತದೆ. ಬೇರು ಕುಡಿಯುವುದು ಸಲ್ಫೇಟನ್ನು ಮಾತ್ರ. ಒಂದು ಅಂದಾಜು ಹಾಕೋಣ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಹೆಕ್ಟೇರಿಗೆ ಸುಮಾರು 22 ಲಕ್ಷ ಕಿಲೊ. ನಿಮ್ಮ ಕಡೆಯ ಮರಳುಮಣ್ಣಿನಲ್ಲಿ ಸಾವಯವ ಇಂಗಾಲ 0.6 ಪ್ರತಿಶತ ಎಂದುಕೊಳ್ಳಿ, 13 ಸಾವಿರ ಕಿಲೊ ಆಯಿತು. ಅದರ ಜೊತೆಗಿರುವ ಗಂಧಕ ನೂರು ಕಿಲೊ ಆಸುಪಾಸು. ಸೂಕ್ಷ್ಮಜೀವಿಗಳು ವರ್ಷಕ್ಕೆ ಅದರಲ್ಲಿ ಎರಡು ಮೂರು ಪ್ರತಿಶತ ಕರಗಿಸಿ ಕೊಟ್ಟರೆ ಎರಡು ಮೂರು ಕಿಲೊ. ಮಳೆಯದು ಒಂದು ಕಿಲೊ. ಒಟ್ಟು ಆದಾಯ ನಾಲ್ಕು ಕಿಲೊ ದಾಟುವುದಿಲ್ಲ, ಖರ್ಚು ಏಳು. ಸಣ್ಣ ಇಳುವರಿಗೆ ಇದು ಹೇಗೋ ನಡೆಯುತ್ತದೆ. ಯೂರಿಯಾ ಹಾಕಿ ಇಳುವರಿ ಎತ್ತಿದ ವರ್ಷ ಬಿಲ್ಲು ಕೈಗೆ ಬರುತ್ತದೆ.

ಈಗ ಗುಂಡಿಯ ಹತ್ತಿರ ಬನ್ನಿ. ದಂಟು ಕಾಯುತ್ತಾ 300-400 ಡಿಗ್ರಿ ತಲುಪುವಾಗಲೇ ಪ್ರೋಟೀನಿನೊಳಗಿನ ಗಂಧಕ ಒಡೆದು ಹೊಗೆಯ ಜೊತೆ ಹೊರಡುತ್ತದೆ. 500 ಡಿಗ್ರಿಯ ಹೊತ್ತಿಗೆ ಒಟ್ಟು ಗಂಧಕದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಹೋಗಿರುತ್ತದೆ. ಉಳಿಯುವುದು ಎರಡು ರೂಪದಲ್ಲಿ. ಒಂದು, ಬೂದಿಯೊಳಗಿನ ಪೊಟ್ಯಾಷಿಯಂ ಸಲ್ಫೇಟಿನಂಥ ಉಪ್ಪು. ಇದು ನೀರು ತಾಗಿದ ಕೂಡಲೇ ಕರಗುತ್ತದೆ. ಎರಡು, ಇಂಗಾಲದ ಉಂಗುರದೊಳಗೇ ಸಿಕ್ಕಿಕೊಂಡ ಗಂಧಕ. ಅದು ಇದ್ದಿಲಿನಷ್ಟೇ ಗಟ್ಟಿ, ನಮ್ಮ ಜೀವಮಾನದಲ್ಲಿ ಬೇರಿಗೆ ಸಿಗುವುದಿಲ್ಲ. ಬೆಂಕಿ ಇನ್ನೂ ಜೋರಾದರೆ ಸಲ್ಫೇಟಿನ ಒಂದು ಭಾಗ ಸಲ್ಫೈಡ್ ಆಗುತ್ತದೆ. ಇದನ್ನು ನೀವೇ ಪತ್ತೆ ಹಚ್ಚಬಹುದು. ಗುಂಡಿಗೆ ನೀರು ಹೊಯ್ದು ಆರಿಸುವಾಗ ಹಬೆಯಲ್ಲಿ ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬರುತ್ತದಲ್ಲ, ಅದೇ. ಆರಿದ ಇದ್ದಿಲನ್ನು ಒಂದು ಚಮಚದಷ್ಟು ಪುಡಿ ಮಾಡಿ ಬಟ್ಟಲಲ್ಲಿ ಹಾಕಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಮೂಗನ್ನು ಬಟ್ಟಲಿಗೆ ತಾಗಿಸಬೇಡಿ, ಕೈಯಿಂದ ಗಾಳಿಯನ್ನು ಮೂಗಿನ ಕಡೆ ತಳ್ಳಿಕೊಳ್ಳಿ. ವಾಸನೆ ಬಂದರೆ ಸಲ್ಫೈಡ್ ಇದೆ. ಹೆದರಬೇಕಿಲ್ಲ, ಗಾಳಿಯಾಡುವ ತೇವದ ಮಣ್ಣಿನಲ್ಲಿ ಅದು ತಾನಾಗಿಯೇ ಸಲ್ಫೇಟಾಗಿ ತಿರುಗುತ್ತದೆ. ಬಿತ್ತನೆಯ ದಿನವೇ ಬೀಜದ ಸಾಲಿಗೆ ಇಂಥ ಇದ್ದಿಲು ಸುರಿಯಬೇಡಿ ಅಷ್ಟೇ.

ಹೊಗೆಯಲ್ಲಿ ಹೋದದ್ದಕ್ಕಿಂತ ನನ್ನನ್ನು ಕಾಡುವ ಲೆಕ್ಕ ಇನ್ನೊಂದಿದೆ. ಐದು ಟನ್ ಇದ್ದಿಲು ಬರಬೇಕಾದರೆ ಸುಮಾರು 16 ಟನ್ ದಂಟು ಸುಡಬೇಕು. ಹೆಕ್ಟೇರಿಗೆ 4 ಟನ್ ದಂಟು ಬರುತ್ತದೆ ಎಂದರೆ, ನಾಲ್ಕು ಹೆಕ್ಟೇರಿನ ದಂಟು. ಟನ್ನಿಗೆ 0.8 ಕಿಲೊ ಗಂಧಕ ಹಿಡಿದರೆ ಒಟ್ಟು 13 ಕಿಲೊ. ಅರ್ಧ ಹೊಗೆಗೆ ಹೋಯಿತು, ಆರೋ ಏಳೋ ಕಿಲೊ ಒಂದು ಹೆಕ್ಟೇರಿಗೆ ಬಂದು ಬಿತ್ತು. ಆ ಒಂದು ಹೆಕ್ಟೇರು ಮೊದಲ ವರ್ಷ ಕಪ್ಪು ಹಸಿರಾಗಿ ತೂಗಿದ್ದರಲ್ಲಿ ಆಶ್ಚರ್ಯವಿಲ್ಲ, ಅದರಲ್ಲಿ ಕರಗುವ ಪಾಲು ಬೆಳೆಗೆ ಒಮ್ಮೆಲೇ ಸಿಕ್ಕಿತು. ಆದರೆ ಉಳಿದ ಮೂರು ಹೆಕ್ಟೇರು ತಲಾ ಮೂರು ಕಿಲೊ ಕಳೆದುಕೊಂಡು ಸುಮ್ಮನೆ ಕೂತಿವೆ. ನೀವು ಹಳದಿ ಕಂಡದ್ದು ಇದ್ದಿಲು ಹಾಕಿದ ಹೊಲದಲ್ಲೋ ದಂಟು ಕೊಟ್ಟ ಹೊಲದಲ್ಲೋ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ದಯವಿಟ್ಟು ಎರಡನ್ನೂ ಹೋಗಿ ನೋಡಿ. ದಂಟು ಕೊಟ್ಟ ಹೊಲ ಇನ್ನೂ ಕೆಟ್ಟಿರಬಹುದು, ಅದರ ಕಡೆ ಯಾರೂ ತಿರುಗಿ ನೋಡಿರುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಆ ದಂಟು ಹೇಗೂ ಬಯಲಲ್ಲಿ ಸುಟ್ಟುಹೋಗುವುದಿದ್ದರೆ ಗುಂಡಿಯಲ್ಲಿ ಇದ್ದಿಲು ಮಾಡಿದ್ದೇ ಲಾಭ, ಇಂಗಾಲವಾದರೂ ಉಳಿಯಿತು. ಅದೇ ದಂಟನ್ನು ದನ ತಿಂದು ಸಗಣಿ, ಗಂಜಲವಾಗಿ ಹೊಲಕ್ಕೆ ಮರಳುತ್ತಿತ್ತು ಎಂದಾದರೆ ಗಂಧಕದ ಲೆಕ್ಕದಲ್ಲಿ ಇದ್ದಿಲು ನಷ್ಟ. ಗಿರಣಿಯಿಂದ ತಂದ ಭತ್ತದ ಹೊಟ್ಟು ಮಾತ್ರ ನಿಮ್ಮ ಹೊಲಕ್ಕೆ ಹೊರಗಿನಿಂದ ಬಂದ ಸೇರ್ಪಡೆ. ಆದರೆ ಹೊಟ್ಟಿನಲ್ಲಿ ಬಹುಪಾಲು ಸಿಲಿಕಾ, ಗಂಧಕ ತೀರಾ ಕಡಿಮೆ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಇದ್ದಿಲಿಗೆ ರಂಧ್ರಗಳಿವೆ, ಹೀರುತ್ತದೆ, ಹಾಗಾಗಿ ಗಂಧಕವನ್ನೂ ಹೀರಿರಬೇಕು ಎನ್ನುವುದು ಸಹಜ ಊಹೆ. ಆದರೆ ಸಲ್ಫೇಟಿಗೆ ಋಣ ವಿದ್ಯುದಂಶ. ಮಣ್ಣಿನಲ್ಲಿರುವ ಇದ್ದಿಲಿನ ಮೈಗೂ ಹೆಚ್ಚಾಗಿ ಋಣ ವಿದ್ಯುದಂಶವೇ, ಅದು ಹಳತಾದಷ್ಟೂ ಹೆಚ್ಚುತ್ತದೆ. ಒಂದನ್ನೊಂದು ತಳ್ಳುತ್ತವೆ. ಹೆಚ್ಚಿನ ತಾಪದಲ್ಲಿ ಮಾಡಿದ ಹೊಸ ಇದ್ದಿಲು ತೀರಾ ಆಮ್ಲೀಯ ಮಣ್ಣಿನಲ್ಲಿ ಸ್ವಲ್ಪ ಸಲ್ಫೇಟ್ ಹಿಡಿಯುವುದುಂಟು, ನಿಮ್ಮ 6.1ರ ಮಣ್ಣಿನಲ್ಲಿ ಅದು ಲೆಕ್ಕಕ್ಕಿಲ್ಲ.

ಸಲ್ಫೇಟನ್ನು ನಿಜವಾಗಿ ಹಿಡಿಯುವುದು ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು, ಜೊತೆಗೆ ಕೆಯೋಲಿನ್ ಜೇಡಿ. ಬೇಸಗೆಯಲ್ಲಿ ಹೊಲದ ಒಂದು ಮೂಲೆಯಲ್ಲಿ ಎದೆಮಟ್ಟದ ಗುಂಡಿ ತೋಡಿಸಿ. ಮೇಲೆ ಒಂದು ಗೇಣು ಬೂದುಬಣ್ಣದ ಮರಳುಮಣ್ಣು, ಬೆರಳಲ್ಲಿ ತಿಕ್ಕಿದರೆ ಉದುರಿಹೋಗುತ್ತದೆ. ಅದರ ಕೆಳಗೆ ಬಣ್ಣ ಕೆಂಪಾಗುತ್ತಾ ಕೈಗೆ ಅಂಟತೊಡಗುತ್ತದೆ. ಇನ್ನೂ ಕೆಳಗೆ ಬಟಾಣಿ ಕಾಳಿನ ಗಾತ್ರದ ಕಬ್ಬಿಣದ ಗಂಟುಗಳು, ಗುದ್ದಲಿ ತಾಗಿ ಕಣಕಣ ಎನ್ನುತ್ತವೆ. ಮೇಲಿನ ಮರಳಿಗೆ ಸಲ್ಫೇಟ್ ಹಿಡಿಯುವ ಶಕ್ತಿಯಿಲ್ಲ, ಕೆಳಗಿನ ಕೆಂಪಿಗೆ ಇದೆ. ಸವನ್ನಾದ ಎಷ್ಟೋ ಹೊಲಗಳಲ್ಲಿ ಗಂಧಕದ ಉಗ್ರಾಣ ಅಲ್ಲಿ ಕೆಳಗಿರುತ್ತದೆ. ನಾಲ್ಕು ವಾರಕ್ಕೆ ಹಳದಿಯಾಗಿದ್ದ ಗೋವಿನಜೋಳ ಏಳನೇ ವಾರಕ್ಕೆ ಯಾರೂ ಏನೂ ಹಾಕದೆಯೇ ಹಸಿರಾಗುವುದನ್ನು ನೀವು ನೋಡಿರಬಹುದು. ಬೇರು ಆ ಉಗ್ರಾಣ ಮುಟ್ಟಿತು ಎಂದರ್ಥ.

ಆಕ್ಸೈಡಿನ ಈ ಹಿಡಿತ ಪಿಎಚ್ ಮೇಲೆ ನಿಂತಿದೆ. ಮಣ್ಣು ಆಮ್ಲೀಯವಾಗಿದ್ದಾಗ ಗಟ್ಟಿ, 6ರ ಹತ್ತಿರ ಸಡಿಲ, 6.5 ದಾಟಿದರೆ ಬಹುತೇಕ ಇಲ್ಲವೇ ಇಲ್ಲ. ಇದ್ದಿಲಿನ ಬೂದಿ ನಿಮ್ಮ ಪಿಎಚ್ಚನ್ನು 5.3ರಿಂದ 6.1ಕ್ಕೆ ಎತ್ತಿದಾಗ ಮೇಲ್ಮಣ್ಣಿನಲ್ಲಿ ಅಂಟಿಕೊಂಡಿದ್ದ ಅಷ್ಟಿಷ್ಟು ಸಲ್ಫೇಟ್ ಬಿಡುಗಡೆಯಾಯಿತು. ಬೂದಿಯ ಜೊತೆ ಬಂದ ರಂಜಕ ಇದಕ್ಕೆ ಇನ್ನಷ್ಟು ಇಂಬು ಕೊಟ್ಟಿತು, ಆಕ್ಸೈಡಿನ ಮೇಲಿನ ಜಾಗಕ್ಕಾಗಿ ಫಾಸ್ಫೇಟ್ ಬಂದರೆ ಸಲ್ಫೇಟ್ ಎದ್ದು ಹೋಗಲೇಬೇಕು. ಆ ವರ್ಷಕ್ಕೆ ಅದು ಬೆಳೆಗೆ ಲಾಭ. ಆದರೆ ಬಿಡುಗಡೆಯಾದದ್ದು ಬೇರಿಗೆ ಸಿಗದಿದ್ದರೆ ಮಳೆಯ ಜೊತೆ ಕೆಳಗೆ ಇಳಿಯುತ್ತದೆ. ತಮಾಲೆಯ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಹೆಚ್ಚಾಗಿ ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಸುರಿದು ಮುಗಿಯುತ್ತದೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಅದರ ಅಬ್ಬರ. ಬಯೋಚಾರ್ ಬಗ್ಗೆ ಪ್ರಕಟವಾಗುವ ಅಧ್ಯಯನಗಳಲ್ಲಿ ಒಂದರಲ್ಲಿ ಸಲ್ಫೇಟ್ ಹೆಚ್ಚಿತು, ಇನ್ನೊಂದರಲ್ಲಿ ಕಡಿಮೆಯಾಯಿತು ಎಂದು ಓದಿ ಗಲಿಬಿಲಿಯಾಗುವವರಿಗೆ ನಾನು ಹೇಳುವುದು ಇದನ್ನೇ: ಅವರು ಯಾವ ತಿಂಗಳಲ್ಲಿ, ಎಷ್ಟು ಆಳದಲ್ಲಿ ಅಳೆದರು ಎಂದು ಮೊದಲು ನೋಡಿ. ಕುಂಡದಲ್ಲಿ ಮಾಡಿದ ಪ್ರಯೋಗದಲ್ಲಿ ಸಲ್ಫೇಟಿಗೆ ಓಡಿಹೋಗಲು ದಾರಿಯಿಲ್ಲ, ಹಾಗಾಗಿ ಅದು ಹೆಚ್ಚಿದಂತೆಯೇ ಕಾಣುತ್ತದೆ. ಹೊಲಕ್ಕೆ ತಳವಿಲ್ಲ.

ಇದ್ದಿಲಿನ ಪರವಾಗಿಯೂ ಒಂದು ಮಾತಿದೆ. ಮರಳುಮಣ್ಣಿನಲ್ಲಿ ಅದು ನೀರು ಹಿಡಿದಿಡುತ್ತದೆ. ನೀರು ನಿಧಾನವಾಗಿ ಇಳಿದರೆ ಸಲ್ಫೇಟೂ ನಿಧಾನವಾಗಿ ಇಳಿಯುತ್ತದೆ. ಹೆಕ್ಟೇರಿಗೆ 5 ಟನ್ನಿನಲ್ಲಿ ಈ ಪರಿಣಾಮ ಚಿಕ್ಕದು. ಅದನ್ನೇ ಹೊಲದ ತುಂಬ ಹರಡದೆ ಸಾಲಿನಲ್ಲಿ ಕೂಡಿಸಿ ಹಾಕಿದರೆ ಗುರುತಿಸುವಷ್ಟಾಗುತ್ತದೆ.

ಸೂಕ್ಷ್ಮಜೀವಿಗಳ ಪಾತ್ರ ಇದೆಲ್ಲಕ್ಕಿಂತ ಸೂಕ್ಷ್ಮ. ಅವುಗಳಿಗೂ ಗಂಧಕ ಬೇಕು. ಅವು ತಿನ್ನುವ ವಸ್ತುವಿನಲ್ಲಿ ಒಂದು ಪಾಲು ಗಂಧಕಕ್ಕೆ 200ಕ್ಕಿಂತ ಕಡಿಮೆ ಇಂಗಾಲ ಇದ್ದರೆ ಉಳಿದ ಗಂಧಕವನ್ನು ಬಿಟ್ಟುಕೊಡುತ್ತವೆ, 400 ದಾಟಿದರೆ ಮಣ್ಣಿನಲ್ಲಿದ್ದದ್ದನ್ನೂ ತಾವೇ ಎಳೆದುಕೊಳ್ಳುತ್ತವೆ. ಇದ್ದಿಲಿನಲ್ಲಿ ಈ ಅನುಪಾತ 400 ದಾಟಿರುವುದೇ ಹೆಚ್ಚು. ಆದರೂ ಚೆನ್ನಾಗಿ ಬೆಂದ ಇದ್ದಿಲಿನಿಂದ ತೊಂದರೆಯಿಲ್ಲ, ಅದರ ಇಂಗಾಲವನ್ನು ಸೂಕ್ಷ್ಮಜೀವಿಗಳು ತಿನ್ನಲಾರವು. ತೊಂದರೆ ಬರುವುದು ಅರೆಬೆಂದದ್ದರಿಂದ. ಮುರಿದರೆ ಒಳಗೆ ಕಂದುಬಣ್ಣ, ಕೈಗೆ ಡಾಂಬರಿನಂಥ ಜಿಗುಟು, ಹೊಗೆಯ ಗಮಲು ಹೋಗಿರುವುದಿಲ್ಲ. ಅದರಲ್ಲಿ ತಿನ್ನಲು ಬರುವ ಇಂಗಾಲ ಇನ್ನೂ ಉಳಿದಿರುತ್ತದೆ, ಸೂಕ್ಷ್ಮಜೀವಿಗಳು ಮುಗಿಬಿದ್ದು ಎರಡು ತಿಂಗಳಾದರೂ ಗಂಧಕವನ್ನು ತಮ್ಮ ಮೈಯಲ್ಲೇ ಕಟ್ಟಿಹಾಕುತ್ತವೆ. ಮೊದಲ ವರ್ಷದ್ದು ಚೆನ್ನಾಗಿ ಬೆಂದು, ಈ ವರ್ಷ ಅವಸರದಲ್ಲಿ ಅರೆಬೆಂದದ್ದೇನಾದರೂ ಮತ್ತೆ ಹಾಕಿದಿರಾ? ಹಾಗಿದ್ದರೆ ಹಳದಿಗೆ ಐದನೇ ಕಾರಣವೂ ಸಿಕ್ಕಂತೆ.

ಮೊದಲ ಮಳೆಯ ವಿಷಯವೂ ಇಲ್ಲಿಗೇ ಸೇರುತ್ತದೆ. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಮೊದಲ ಹನಿ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಕೂರುತ್ತವೆ, ಸಾರಜನಕ, ಗಂಧಕ ಹಠಾತ್ತನೆ ಬಿಡುಗಡೆಯಾಗುತ್ತವೆ. ಕೀನ್ಯಾದ ಮುಗುಗಾ ಕೇಂದ್ರದಲ್ಲಿ ಬರ್ಚ್ ಎಂಬ ವಿಜ್ಞಾನಿ ಒಣಗಿ ನೆನೆದ ಮಣ್ಣಿನ ಈ ವರ್ತನೆಯನ್ನು 1958ರಲ್ಲಿ ವಿವರಿಸಿದರು, ಇಂದಿಗೂ ಅದಕ್ಕೆ ಬರ್ಚ್ ಪರಿಣಾಮ ಎಂದೇ ಹೆಸರು. ವರ್ಷದ ಗಂಧಕದ ಆದಾಯದಲ್ಲಿ ಒಳ್ಳೆಯ ಪಾಲು ಆ ಮೊದಲ ಎರಡು ಮೂರು ವಾರದ್ದು. ಇದ್ದಿಲಿನ ಬೂದಿಯಲ್ಲಿರುವ ಸಲ್ಫೇಟ್ ಕರಗುವುದೂ ಆಗಲೇ. ನೀವು ಬಿತ್ತಲು ಜೂನ್ ಕೊನೆಯವರೆಗೆ ಕಾದರೆ ಎರಡೂ ಬೇರಿಲ್ಲದ ನೆಲದಲ್ಲಿ ಇಳಿದುಹೋಗಿರುತ್ತವೆ. ನೆಲ ಹದವಾದ ಕೂಡಲೇ ಬಿತ್ತಿದ ಹೊಲಕ್ಕೂ ಎರಡು ವಾರ ತಡವಾದ ಹೊಲಕ್ಕೂ ಇದರಿಂದಲೇ ಕಾಣುವಷ್ಟು ವ್ಯತ್ಯಾಸ ಬರುತ್ತದೆ.

ಮಣ್ಣು ಪರೀಕ್ಷೆಯ ವರದಿಯನ್ನು ನಂಬುವ ಮುನ್ನ ಒಂದು ಎಚ್ಚರಿಕೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಕೆಲವು ವಾರ ಎಲ್ಲ ಮಣ್ಣಿನಲ್ಲೂ ಗಂಧಕ ಹೆಚ್ಚು ಬರತೊಡಗಿತು. ಮಾದರಿ ಬದಲಿಸಿದೆವು, ಕರಗಿಸುವ ದ್ರಾವಣ ಬದಲಿಸಿದೆವು, ಏನೂ ಆಗಲಿಲ್ಲ. ಗಂಧಕ ಅಳೆಯುವಾಗ ಮಣ್ಣಿನ ಸೋಸಿದ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿ ಅದು ಎಷ್ಟು ಬೆಳ್ಳಗೆ ಕದಡುತ್ತದೆ ಎಂದು ನೋಡುತ್ತಾರೆ. ಸೋಸಿದ ನೀರು ಕಂದಾಗಿದ್ದರೆ ಬಣ್ಣ ತೆಗೆಯಲು ಸಕ್ರಿಯ ಇದ್ದಿಲಿನ ಪುಡಿ ಬಳಸುತ್ತಾರೆ. ಆ ಪುಡಿಯ ಹೊಸ ಡಬ್ಬಿಯಲ್ಲೇ ಸಲ್ಫೇಟ್ ಇತ್ತು! ಪುಡಿಯನ್ನು ತೊಳೆದು ಬಳಸಿದ ಮೇಲೆ ಅಂಕಿ ನೆಟ್ಟಗಾದವು. ಬಯೋಚಾರ್ ಹಾಕಿದ ಮಣ್ಣಿನಲ್ಲಿ ಇಂಥ ಎಡವಟ್ಟು ಎರಡು ಪಟ್ಟು. ಸೋಸಿದ ನೀರು ಕಂದಾಗುವುದೂ ಹೆಚ್ಚು, ಮಾದರಿಯಲ್ಲಿ ಇದ್ದಿಲಿನ ಚೂರು ಸೇರಿತೋ ಜರಡಿಯಲ್ಲಿ ಉಳಿಯಿತೋ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಆದ್ದರಿಂದ ಎರಡೂ ಹೊಲದ ಮಾದರಿಗಳನ್ನು ಒಂದೇ ದಿನ, ಒಂದೇ ಪ್ರಯೋಗಾಲಯಕ್ಕೆ ಕೊಡಿ. ಸಾಧ್ಯವಾದರೆ ಒಂದೇ ಮಾದರಿಯನ್ನು ಎರಡು ಬಗೆಯಲ್ಲಿ ಅಳೆಸಿ. ತೆಳು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಕರಗಿರುವ ಸಲ್ಫೇಟನ್ನಷ್ಟೇ ತೆಗೆಯುತ್ತದೆ, ಕ್ಯಾಲ್ಸಿಯಂ ಫಾಸ್ಫೇಟ್ ದ್ರಾವಣ ಆಕ್ಸೈಡಿಗೆ ಅಂಟಿದ್ದನ್ನೂ ಕಿತ್ತು ತರುತ್ತದೆ. ಎರಡರ ನಡುವಿನ ಅಂತರವೇ ಮಣ್ಣಿನ ಹಿಡಿತ. ಇದ್ದಿಲು ಹಾಕಿದ ಕಡೆ ಆ ಅಂತರ ಕುಗ್ಗಿದ್ದರೆ ನಾನು ಮೇಲೆ ಹೇಳಿದ್ದು ನಿಮ್ಮ ಹೊಲದಲ್ಲೂ ನಡೆದಿದೆ ಎಂದಾಯಿತು.

ಅಂದಹಾಗೆ, 6 ಪಿಪಿಎಂ ಎಂದರೆ ಮೇಲ್ಮಣ್ಣಿನಲ್ಲಿ ಹೆಕ್ಟೇರಿಗೆ 13 ಕಿಲೊ, ಬೆಳೆಗೆ ಬೇಕಾದದ್ದು 7 ಕಿಲೊ, ಮತ್ತೆ ಕೊರತೆ ಹೇಗೆ ಎಂದು ನೀವು ಕೇಳಬಹುದು. ಬೇರು ಆ ಮಣ್ಣಿನ ಅಲ್ಪ ಭಾಗವನ್ನಷ್ಟೇ ಮುಟ್ಟುತ್ತದೆ, ನಾಲ್ಕು ವಾರದ ಪೈರಿನ ಬೇರಂತೂ ಇನ್ನೂ ಕಡಿಮೆ. ಒಂದು ಜೋರು ಮಳೆಗೆ ಆ 13 ಕಿಲೊ ಕೆಳಗೆ ಸರಿಯಬಹುದು. ಭಾರತದಲ್ಲಿ 10 ಪಿಪಿಎಂ ಕೆಳಗಿದ್ದರೆ ಕೊರತೆ ಎಂದು ಗೆರೆ ಎಳೆದಿರುವುದು ಇದನ್ನೆಲ್ಲ ಅನುಭವದಿಂದ ಕಂಡೇ.

ಮಾಡಬೇಕಾದದ್ದು ಈಗ. ನಿಂತ ಗೋವಿನಜೋಳಕ್ಕೆ ಹೆಕ್ಟೇರಿಗೆ 15 ಕಿಲೊ ಗಂಧಕ ಸಾಕು. ಅಮೋನಿಯಂ ಸಲ್ಫೇಟಿನಲ್ಲಿ ನೂರಕ್ಕೆ 24 ಗಂಧಕ, 21 ಸಾರಜನಕ. 62 ಕಿಲೊ ಹಾಕಿದರೆ 15 ಕಿಲೊ ಗಂಧಕ, ಜೊತೆಗೆ 13 ಕಿಲೊ ಸಾರಜನಕ ಬರುತ್ತದೆ. ಅಷ್ಟಕ್ಕೆ ಯೂರಿಯಾದಲ್ಲಿ 28 ಕಿಲೊ ಕಡಿಮೆ ಮಾಡಿ. ಮಣ್ಣಿನಲ್ಲಿ ತೇವವಿದ್ದಾಗ ಸಾಲಿನ ಪಕ್ಕ ಕೊಟ್ಟು ಮಣ್ಣು ಮುಚ್ಚಿ. ಹತ್ತು ದಿನದಲ್ಲಿ ಹೊಸದಾಗಿ ಬಿಚ್ಚುವ ಸುಳಿ ಹಸಿರಾಗಬೇಕು. ಅಮೋನಿಯಂ ಸಲ್ಫೇಟ್ ಮಣ್ಣನ್ನು ಆಮ್ಲೀಯ ಮಾಡುತ್ತದೆ ಎಂದು ದೂರುವುದುಂಟು, ದೂರು ನ್ಯಾಯವಾದದ್ದೇ. ಇದ್ದಿಲು ಹಾಕಿದ ಹೊಲಕ್ಕೆ ಮಾತ್ರ ಅದು ಒಳ್ಳೆಯ ಜೋಡಿ, ಒಂದು ಏರಿಸಿದ್ದನ್ನು ಇನ್ನೊಂದು ಹದಕ್ಕೆ ತರುತ್ತದೆ. ಶೇಂಗಾ ವರ್ಷದಲ್ಲಿ ಜಿಪ್ಸಂ ಕೊಡಿ. ಹೂಬಿಟ್ಟು ಊಡು ಇಳಿಯುವ ಹೊತ್ತಿಗೆ ಬುಡಕ್ಕೆ ಕೊಡುವುದು ನಿಮ್ಮ ಗದಗಿನ ಮನೆಯಲ್ಲೂ ಗೊತ್ತಿರುವ ಕ್ರಮ, ಅಲ್ಲಿ ಹೆಕ್ಟೇರಿಗೆ 500 ಕಿಲೊ ಹಾಕುತ್ತಾರೆ. ಕಾಯಿಗೆ ಸುಣ್ಣವೂ ಆಯಿತು, ಗಂಧಕವೂ ಆಯಿತು. ಅಂಗಡಿಯಲ್ಲಿ ಸಿಂಗಲ್ ಸೂಪರ್ ಫಾಸ್ಫೇಟ್ ಸಿಕ್ಕರೆ ಹೆಚ್ಚಿನ ಸಾಗಣೆ ಕೊಟ್ಟಾದರೂ ತನ್ನಿ.

ಮುಂದಿನ ಸಲ ಇದ್ದಿಲನ್ನು ಗುಂಡಿಯಿಂದ ನೇರ ಹೊಲಕ್ಕೆ ಒಯ್ಯಬೇಡಿ. ನಿಮ್ಮ ಕಡೆ ಬೇಸಗೆಯಲ್ಲಿ ಫುಲಾನಿ ದನಗಾಹಿಗಳು ಮಂದೆ ತರುತ್ತಾರೆ, ಕೊಯ್ಲಾದ ಹೊಲದಲ್ಲಿ ರಾತ್ರಿ ದನ ಕೂಡಿಸುವ ಪದ್ಧತಿ ಇದೆ, ನಮ್ಮಲ್ಲಿ ಕುರಿ ಮಂದೆ ಕೂರಿಸುವ ಹಾಗೆ. ಅವರೊಂದಿಗೆ ಮಾತಾಡಿಕೊಂಡು ದನ ಕಟ್ಟುವ ಜಾಗದಲ್ಲಿ ಇದ್ದಿಲು ಪುಡಿಯನ್ನು ನಾಲ್ಕು ಬೆರಳು ದಪ್ಪ ಹರಡಿ, ಮೇಲೆ ಒಂದಷ್ಟು ಹುಲ್ಲು. ಗಂಜಲದಲ್ಲಿ ಗಂಧಕ ಬಹುಪಾಲು ಸಲ್ಫೇಟ್ ರೂಪದಲ್ಲೇ ಇರುತ್ತದೆ. ಇದ್ದಿಲಿನ ರಂಧ್ರದೊಳಗೆ ಗಂಜಲ ತುಂಬಿಕೊಂಡು ಒಣಗುತ್ತದೆ. ಹೊಗೆಯಲ್ಲಿ ಹೋದ ಗಂಧಕದ ಜಾಗಕ್ಕೆ ಹೊರಗಿನ ಹುಲ್ಲುಗಾವಲಿನಲ್ಲಿ ಮೇದು ಬಂದ ದನ ಗಂಧಕ ತಂದು ಕೊಟ್ಟ ಹಾಗಾಯಿತು. ನನ್ನ ಮಟ್ಟಿಗೆ ಸವನ್ನಾದಲ್ಲಿ ಇದ್ದಿಲು ಬಳಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇದನ್ನು ಓದುತ್ತಿರುವ ಕರ್ನಾಟಕದ ರೈತರಿಗೆ ಎರಡು ಮಾತು. ನಮ್ಮಲ್ಲೂ ಗಂಧಕದ ಕೊರತೆ ವ್ಯಾಪಕ, 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಗಂಧಕ, ಸತು, ಬೋರಾನ್ ಮೂರನ್ನೂ ಎತ್ತಿ ತೋರಿಸಿದವು. ಚಿತ್ರದುರ್ಗ, ಪಾವಗಡ ಕಡೆಯ ಕೆಂಪು ಮರಳುಮಣ್ಣಿಗೆ ಮೇಲಿನದ್ದರಲ್ಲಿ ಬಹಳಷ್ಟು ಹೊಂದುತ್ತದೆ. ಗದಗ, ಧಾರವಾಡದ ಎರೆಹೊಲಕ್ಕೆ ಹೊಂದುವುದಿಲ್ಲ. ಅಲ್ಲಿ ಪಿಎಚ್ ಆಗಲೇ 8ರ ಆಸುಪಾಸು, ಬಿಡಿಸಬೇಕಾದ ಸಲ್ಫೇಟೂ ಇಲ್ಲ, ಬೂದಿಯ ಕ್ಷಾರವೂ ಬೇಡ.

ನಿಮ್ಮ ಹೊಲದಲ್ಲೇ ಸತ್ಯ ತಿಳಿಯಬೇಕೆಂದರೆ ಮುಂದಿನ ಮೇ ತಿಂಗಳಲ್ಲಿ ನೆಲವನ್ನು ನಾಲ್ಕು ಪಟ್ಟಿಗಳಾಗಿ ಭಾಗ ಮಾಡಿ: ಏನೂ ಹಾಕದ್ದು, ಇದ್ದಿಲು ಮಾತ್ರ, ಗಂಧಕ ಮಾತ್ರ, ಎರಡೂ ಕೂಡಿದ್ದು. ಸಾರಜನಕ ನಾಲ್ಕಕ್ಕೂ ಸಮ ಇರಲಿ, ಇಲ್ಲದಿದ್ದರೆ ಹಸಿರು ಯಾವುದರಿಂದ ಬಂತೆಂದು ಹೇಳಲಾಗದು. ಇದೇ ನಾಲ್ಕನ್ನು ಹೊಲದ ಬೇರೆ ಬೇರೆ ಕಡೆ ಮೂರು ಸಲ ಹಾಕಿ. ಮಣ್ಣಿನ ಮಾದರಿಯನ್ನು ಮೊದಲ ಮಳೆಗೆ ಮುನ್ನ ಒಮ್ಮೆ, ನಾಲ್ಕನೇ ವಾರಕ್ಕೆ ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ ತೆಗೆಯಿರಿ. ಪ್ರತಿ ಸಲವೂ 15 ಸೆಂಟಿಮೀಟರಿಗೆ ನಿಲ್ಲಿಸದೆ 30 ಮತ್ತು 60ರವರೆಗೂ ಹೋಗಿ, ಮೂರನ್ನೂ ಬೇರೆ ಬೇರೆ ಚೀಲದಲ್ಲಿಡಿ. ತಮಾಲೆಯ ಪಕ್ಕದ ನ್ಯಾಂಕ್ಪಾಲಾದಲ್ಲಿ ಸವನ್ನಾ ಕೃಷಿ ಸಂಶೋಧನಾ ಸಂಸ್ಥೆ ಇದೆ, ಆ ಮಣ್ಣನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ, ಪಟ್ಟಿ ಹಾಕುವ ಮುನ್ನವೇ ಅವರನ್ನು ಒಮ್ಮೆ ಹೊಲಕ್ಕೆ ಕರೆಯಿರಿ. ಇದ್ದಿಲಿನ ಪಟ್ಟಿಯಲ್ಲಿ ಮೇಲಿನ ಚೀಲದ ಸಲ್ಫೇಟ್ ಇಳಿದು 60ರ ಚೀಲದಲ್ಲಿ ಏರಿದ್ದರೆ ನಿಮ್ಮ ಗಂಧಕ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡಂತೆ. ಆಗ ಶೇಂಗಾ, ಗೋವಿನಜೋಳದ ನಡುವೆ ಒಂದು ವರ್ಷ ತೊಗರಿ ಹಾಕಿ ನೋಡಿ, ಅದರ ಬೇರು ಆ ಆಳಕ್ಕೆ ಇಳಿದು ಅಲ್ಲಿದ್ದದ್ದನ್ನು ಮೇಲಕ್ಕೆ ತಂದು ಎಲೆಯಾಗಿ ಉದುರಿಸುತ್ತದೆ.